ತಿಂಗಳಿಗೊಂದು ಹೆಣಿಗೆ: ಕಾಲುಚೀಲದ ಹಿಮ್ಮಡಿಯಲ್ಲಿ ಸಿಕ್ಕಿಕೊಂಡಿದ್ದೇನೆ

ಪ್ರಶ್ನೆ: ಉಲ್ಲನ್‌ಉಂಡೆ, ಬೆಂಗಳೂರು

ಕಾಲೇಜಿನ ದಿನಗಳಿಂದ ಜೊತೆಗಿರುವ ನನ್ನ ಗೆಳತಿ ಈಗ ಷಿಕಾಗೊದಲ್ಲಿದ್ದಾಳೆ. ತಿಂಗಳಿಗೊಂದು ವಸ್ತುವನ್ನು ಇಬ್ಬರೂ ಹೆಣೆಯಬೇಕು, ಪ್ರತಿ ವಸ್ತುವಿನಲ್ಲೂ ಅದುವರೆಗೆ ಮಾಡದ ಒಂದು ವಿಧಾನವಿರಬೇಕು ಎಂದು ಜನವರಿಯಲ್ಲಿ ಒಪ್ಪಂದ ಮಾಡಿಕೊಂಡೆವು. ತಿಂಗಳ ಕೊನೆಯ ಭಾನುವಾರ ವಿಡಿಯೊ ಕರೆಯಲ್ಲಿ ಒಬ್ಬರದನ್ನೊಬ್ಬರು ನೋಡುತ್ತೇವೆ.

ಮೊದಲ ತಿಂಗಳ ಟೋಪಿಯಲ್ಲೇ ಒಂದು ಪ್ರಸಂಗ ನಡೆಯಿತು. ಇಬ್ಬರೂ ಒಂದೇ ದಪ್ಪದ ಉಲ್ಲನ್ ತೆಗೆದುಕೊಂಡು 104 ಕುಣಿಕೆ ಹಾಕಿ, ಎಂಟನೇ ನಂಬರ್ ಕಡ್ಡಿಯಲ್ಲಿ ಹೆಣೆದೆವು. ನನ್ನದು ತಲೆಗೆ ಸರಿಯಾಗಿ ಕೂತಿತು, ಅವಳದು ಮೂಗಿನವರೆಗೂ ಇಳಿಯಿತು. ಅಮ್ಮನ ಕಾಲದ ನನ್ನ ಅಲ್ಯೂಮಿನಿಯಂ ಕಡ್ಡಿಯ ಮೇಲಿದ್ದದ್ದು ಹಳೆಯ ಬ್ರಿಟಿಷ್ ನಂಬರ್; ಅದರಲ್ಲಿ ಎಂಟು ಎಂದರೆ 4 ಮಿ.ಮೀ. ಅಮೆರಿಕದ ಎಂಟು 5 ಮಿ.ಮೀ. ಅಷ್ಟೇ ಅಲ್ಲ, ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಏರಿದಂತೆ ಕಡ್ಡಿ ತೆಳುವಾಗುತ್ತದೆ, ಅಮೆರಿಕದ ಲೆಕ್ಕದಲ್ಲಿ ದಪ್ಪವಾಗುತ್ತದೆ. ಹತ್ತು ಸೆಂಟಿಮೀಟರಿಗೆ ನನಗೆ 22 ಕುಣಿಕೆ, ಅವಳಿಗೆ 18 ಬಿದ್ದಿದ್ದವು. ಹಾಗಾಗಿ ನನ್ನ ಟೋಪಿಯ ಸುತ್ತಳತೆ 47 ಸೆಂ.ಮೀ., ಅವಳದು 58 ಸೆಂ.ಮೀ. ಆಗಿತ್ತು. ಅಂದಿನಿಂದ ನಾವು ಮಿಲಿಮೀಟರಿನಲ್ಲೇ ಮಾತಾಡುತ್ತೇವೆ.

ಆಮೇಲೆ ಜಡೆ ಹೆಣಿಗೆಯ ಹಣೆಪಟ್ಟಿ, ತೂತು ಹೆಣಿಗೆಯ ಶಾಲು ಮುಗಿದವು. ಈ ತಿಂಗಳು ಕಾಲುಚೀಲ. 2.5 ಮಿ.ಮೀ. ಕಡ್ಡಿಯಲ್ಲಿ 64 ಕುಣಿಕೆ. ಹಿಮ್ಮಡಿಯ ಹಿಂದಿನ ಪಟ್ಟಿ 32 ಕುಣಿಕೆ, 32 ಸಾಲು. ಅಲ್ಲಿಯವರೆಗೆ ತೊಂದರೆಯಿಲ್ಲ. ಅದಾದ ಮೇಲೆ ಸಾಲಿನ ನಡುವೆಯೇ ಹಿಂದಿರುಗಬೇಕು ಎಂದು ಬರೆದಿರುವ ಜಾಗದಲ್ಲಿ ಮೂರು ಬಾರಿ ಬಿಚ್ಚಿದ್ದೇನೆ. ಗೆಳತಿ ಆಗಲೇ ಎರಡನೇ ಕಾಲಿಗೆ ಹೋಗಿದ್ದಾಳೆ. ನಾನು ಪಟ್ಟು ಹಿಡಿದು ಕೂರಬೇಕೋ, ಕಾಲುಚೀಲವನ್ನು ಬದಿಗಿಟ್ಟು ಮುಂದಿನ ತಿಂಗಳ ಎರಡು ಬಣ್ಣದ ಹೆಣಿಗೆಗೆ ಹೋಗಬೇಕೋ?

ಉತ್ತರ 1: ಮೈಸೂರಿನ ಅಜ್ಜಿ

ನೀವು ಒಂದು ತಿಂಗಳಿಗೆ ಒಂದು ಹೊಸ ವಿಧಾನ ಎನ್ನುತ್ತೀರಿ, ಆದರೆ ಕಾಲುಚೀಲದಲ್ಲಿ ತೆಳು ಕಡ್ಡಿ, ಸಣ್ಣ ಸುತ್ತು, ಹಿಮ್ಮಡಿ ತಿರುಗಿಸುವುದು, ಬದಿಯಿಂದ ಕುಣಿಕೆ ಎತ್ತುವುದು, ಬೆರಳ ತುದಿಯನ್ನು ಸೂಜಿಯಲ್ಲಿ ಬೆಸೆಯುವುದು ಹೀಗೆ ಐದು ಹೊಸ ವಿಷಯಗಳಿವೆ. ತಪ್ಪು ನಿಮ್ಮ ಕೈಯದಲ್ಲ, ಆಯ್ಕೆಯದು. ಆ 64 ಕುಣಿಕೆಯ ಚೀಲವನ್ನು ಹಾಗೇ ಎತ್ತಿಟ್ಟು, ಟೋಪಿಯ ಉಳಿದ ಉಲ್ಲನ್‌ನಲ್ಲಿ, ಅದೇ 4 ಮಿ.ಮೀ. ಕಡ್ಡಿಯಲ್ಲಿ, ಮಗುವಿನ ಕಾಲಿಗಾಗುವಂತೆ 32 ಕುಣಿಕೆಯ ಒಂದು ಚೀಲವನ್ನು ಹೆಣೆಯಿರಿ. ಒಂದೇ ಸಾಕು, ಜೋಡಿ ಬೇಡ.

ಹಿಮ್ಮಡಿಯ ಪಟ್ಟಿ 16 ಕುಣಿಕೆ, 16 ಸಾಲು. ಬಳಿಕ 10 ನಿಟ್ (ಸಾದಾ ಕುಣಿಕೆ) ಹೆಣೆದು, ಮುಂದಿನ ಎರಡನ್ನು ಒಂದಾಗಿಸಿ, ಇನ್ನೊಂದು ಹೆಣೆದು, ಮೂರು ಕುಣಿಕೆಗಳನ್ನು ಮುಟ್ಟದೆ ಬಿಟ್ಟು ಹಿಂದಿರುಗಿ. ಮೊದಲನೆಯದನ್ನು ಹೆಣೆಯದೆ ಜಾರಿಸಿ, 5 ಪರ್ಲ್ (ಉಲ್ಟಾ ಕುಣಿಕೆ), ಎರಡನ್ನು ಒಂದಾಗಿ ಪರ್ಲ್, ಇನ್ನೊಂದು ಪರ್ಲ್, ಮತ್ತೆ ಹಿಂದಿರುಗಿ. ಈ ಬದಿಯಲ್ಲೂ ಮೂರು ಉಳಿದಿದ್ದರೆ ಲೆಕ್ಕ ಸರಿ. ತಿರುಗಿದ ಜಾಗದಲ್ಲಿ ಕುಣಿಕೆಗಳ ನಡುವೆ ಒಂದು ಸಂದು ಕಣ್ಣಿಗೆ ಕಾಣುತ್ತದೆ. ಮುಂದಿನ ಸಾಲುಗಳಲ್ಲಿ ಎಣಿಸುವ ಗೋಜೇ ಇಲ್ಲ: ಸಂದಿಗೆ ಒಂದು ಕುಣಿಕೆ ಬಾಕಿಯಿರುವವರೆಗೆ ಹೆಣೆದು, ಸಂದಿನ ಆಚೆ ಈಚೆಯ ಎರಡನ್ನು ಕೂಡಿಸಿ, ಉಳಿದಿದ್ದರೆ ಒಂದು ಹೆಣೆದು ಹಿಂದಿರುಗಬೇಕು. ಕೊನೆಗೆ 10 ಕುಣಿಕೆ ಉಳಿಯುತ್ತವೆ. ನಡುಭಾಗದಲ್ಲಿ ಸಾಲುಗಳು ಹೆಚ್ಚು, ಅಂಚಿನಲ್ಲಿ ಕಡಿಮೆ. ಅದರಿಂದಲೇ ಬಟ್ಟೆ ಬಟ್ಟಲಿನಂತೆ ಬಾಗುತ್ತದೆ. ನೀವು ಹೆದರಿ ಬಿಚ್ಚಿದ್ದು ಬಹುಶಃ ಆ ಸಂದನ್ನು ತಪ್ಪೆಂದು ತಿಳಿದು.

ಉತ್ತರ 2: ಎರಡೆಳೆ, ಅಬರ್ಡೀನ್ (ಸ್ಕಾಟ್ಲೆಂಡ್)

ಅಜ್ಜಿಯವರ ಮಾತಿಗೆ ನನ್ನ ಒಪ್ಪಿಗೆಯಿದೆ. ಬಣ್ಣದ ಹೆಣಿಗೆಗೆ ಈಗಲೇ ಹಾರಬೇಡಿ ಎನ್ನುವುದಕ್ಕೆ ನನ್ನ ಕಾರಣ ಬೇರೆ. ಆ ಹೆಣಿಗೆಯಲ್ಲಿ ಹದವೇ, ಅಂದರೆ ಎಳೆಯನ್ನು ಎಷ್ಟು ಬಿಗಿ, ಎಷ್ಟು ಸಡಿಲ ಹಿಡಿಯುತ್ತೀರಿ ಎಂಬುದೇ ಎಲ್ಲ, ಮತ್ತು ಹದ ಬರುವುದು ಕೊಳವೆಯಂತೆ ಸುತ್ತಿ ಸುತ್ತಿ ಹೆಣೆಯುವುದು ಕೈಗೆ ರೂಢಿಯಾದ ಮೇಲೆ.

ಇಲ್ಲಿಂದ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳ ಫೇರ್ ಐಲ್ ಹೆಣಿಗೆ ನೋಡಲು ಹತ್ತು ಬಣ್ಣದ್ದೆನಿಸಿದರೂ ಒಂದು ಸಾಲಿನಲ್ಲಿ ಎರಡೇ ಬಣ್ಣಗಳಿರುತ್ತವೆ. ಆ ಸಾಲಿನಲ್ಲಿ ಬಳಸದ ಎಳೆ ಹಿಂಬದಿಯಲ್ಲಿ ತೇಲುತ್ತ ಹೋಗುತ್ತದೆ. ಹೊಸಬರು ಅದನ್ನು ಬಿಗಿಯಾಗಿ ಎಳೆದೇ ಕೆಡಿಸಿಕೊಳ್ಳುತ್ತಾರೆ; ಟೋಪಿ ತಲೆಗೆ ಹೋಗುವುದೇ ಇಲ್ಲ. ಬಣ್ಣ ಬದಲಿಸುವ ಮೊದಲು ಬಲಗಡ್ಡಿಯ ಕುಣಿಕೆಗಳನ್ನು ಬೆರಳಲ್ಲಿ ಹರಡಿಕೊಂಡು ಆಮೇಲೆ ಹೊಸ ಎಳೆ ಹೆಣೆದರೆ ತೇಲೆಳೆಗೆ ಉದ್ದ ಸಿಗುತ್ತದೆ. ಚಿತ್ತಾರ ಎದ್ದು ಕಾಣಬೇಕಾದ ಬಣ್ಣದ ಎಳೆಯನ್ನು ಯಾವಾಗಲೂ ಕೆಳಗಿನಿಂದ ತನ್ನಿ. ನಡುವೆ ಅದಲುಬದಲಾದರೆ ಚಿತ್ತಾರ ಪಟ್ಟೆಪಟ್ಟೆಯಾಗಿ ಮಂಕಾಗುತ್ತದೆ.

ಶೆಟ್‌ಲ್ಯಾಂಡಿನ ಉಣ್ಣೆ ಒಂದಕ್ಕೊಂದು ಅಂಟಿಕೊಳ್ಳುವ ಗುಣದ್ದಾದ್ದರಿಂದ ಅಲ್ಲಿಯವರು ಕೊಳವೆಯಂತೆ ಹೆಣೆದ ಸ್ವೆಟರನ್ನು ಮುಂಭಾಗದಲ್ಲಿ ಕತ್ತರಿಯಿಂದ ಸೀಳಿ ತೆರೆಯುತ್ತಾರೆ. ಅಕ್ರಿಲಿಕ್ ಜಾರುತ್ತದೆ; ಅದರಲ್ಲಿ ಈ ಸಾಹಸ ಬೇಡ, ಟೋಪಿಯೋ ಮುಂಗೈ ಪಟ್ಟಿಯೋ ಸಾಕು.

ಉತ್ತರ 3: ಅಮ್ಮನ ಮಗ, ಶಿವಮೊಗ್ಗ

ಹೆಣಿಗೆಯನ್ನು ನಾನು ಅಮ್ಮನಿಂದ ಕಲಿತವನು. ಬಸ್ಸಿನಲ್ಲಿ ಕಡ್ಡಿ ತೆಗೆದರೆ ಅಕ್ಕಪಕ್ಕದವರು ಈಗಲೂ ನೋಡುತ್ತಾರೆ. ಗೆಳತಿ ಮುಂದೆ ಹೋದಳೆಂಬ ನಿಮ್ಮ ಚಿಂತೆಗೆ ಮಾತ್ರ ಉತ್ತರ ಹೇಳುತ್ತೇನೆ. ನಾನೂ ನನ್ನ ಸ್ನೇಹಿತರೊಬ್ಬರೂ ಹೀಗೆಯೇ ಶುರುಮಾಡಿ ಐದನೇ ತಿಂಗಳಿಗೆ ನಿಲ್ಲಿಸಿಬಿಟ್ಟೆವು. ಮುಗಿಸಿದ ವಸ್ತುಗಳನ್ನಷ್ಟೇ ತೋರಿಸಿಕೊಳ್ಳುತ್ತಿದ್ದೆವು, ಹಾಗಾಗಿ ಹಿಂದುಳಿದವನು ಕರೆಯನ್ನೇ ತಪ್ಪಿಸುತ್ತಿದ್ದ. ಹಿಂದುಳಿದವನು ನಾನೇ. ಎರಡನೇ ಸಲ ನಿಯಮ ಬದಲಿಸಿದೆವು: ತಿಂಗಳ ಮಧ್ಯದಲ್ಲಿ, ಕೆಟ್ಟಿರುವ ಸಾಲಿನ ಫೋಟೊ ಕಳಿಸುವುದು ಕಡ್ಡಾಯ. ನಿಮ್ಮ ಗೆಳತಿಗೆ ಹಿಮ್ಮಡಿ ಬಂದಿದೆಯಲ್ಲ, ಅವರು ಎರಡನೇ ಕಾಲಿನ ಹಿಮ್ಮಡಿಗೆ ಬಂದಾಗ ಕ್ಯಾಮೆರಾವನ್ನು ಮುಖದ ಬದಲು ಕೈಗೆ ತಿರುಗಿಸಲು ಹೇಳಿ. ಅವರು ತಿರುಗಿದಾಗ ನೀವೂ ತಿರುಗಿ.

ಮತ್ತೊಂದು ಮಾತು. ನಮ್ಮ ಹವೆಗೆಂದು ಹತ್ತಿದಾರದಲ್ಲಿ ಕಾಲುಚೀಲ ಹೆಣೆಯುವ ಯೋಚನೆಯಿದ್ದರೆ ಮೊದಲನೆಯದಕ್ಕೆ ಬೇಡ. ಹತ್ತಿಗೆ ಉಣ್ಣೆಯಂತೆ ಹಿಗ್ಗಿ ಮತ್ತೆ ಕುಗ್ಗುವ ಗುಣವಿಲ್ಲ; ಬೆಳಿಗ್ಗೆ ಬಿಗಿಯಾಗಿದ್ದ ಚೀಲ ಸಂಜೆಗೆ ಪಾದದ ಕೆಳಗೆ ಸೇರಿರುತ್ತದೆ.

ಮತ್ತೆ ಉಲ್ಲನ್‌ಉಂಡೆ

ಅಜ್ಜಿಯವರೇ, 32 ಕುಣಿಕೆಯ ಚೀಲ ಎರಡು ಸಂಜೆಗಳಲ್ಲಿ ಮುಗಿಯಿತು. ಸಂದು ತಪ್ಪಲ್ಲ ಎಂದು ತಿಳಿದ ಮೇಲೆ ಹಿಮ್ಮಡಿ ಅರ್ಧ ಗಂಟೆಯ ಕೆಲಸವಾಯಿತು, ಕೊನೆಗೆ ಹತ್ತೇ ಕುಣಿಕೆ ಉಳಿದವು. ಎರಡೂ ಬದಿಯಿಂದ ಎಂಟೆಂಟು ಎತ್ತಿಕೊಂಡಾಗ ಮೂಲೆಯಲ್ಲಿ ಕಿರುಬೆರಳು ತೂರುವಷ್ಟು ತೂತಾಗಿತ್ತು. ವಿಡಿಯೊದಲ್ಲಿ ಅದನ್ನು ನೋಡಿದ ಗೆಳತಿ, ಆ ಮೂಲೆಯಿಂದ ಒಂದು ಕುಣಿಕೆ ಹೆಚ್ಚಿಗೆ ಎತ್ತಿ ಮುಂದಿನ ಸುತ್ತಿನಲ್ಲಿ ಪಕ್ಕದ ಕುಣಿಕೆಯ ಜೊತೆ ಸೇರಿಸಿಬಿಡು ಎಂದಳು, ತೂತು ಮುಚ್ಚಿತು. ಅವಳ ಚೀಲದಲ್ಲೂ ಅದೇ ತೂತಿತ್ತಂತೆ, ನನಗೆ ತೋರಿಸಿರಲಿಲ್ಲ. ಬಣ್ಣದ ಹೆಣಿಗೆಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿದ್ದೇವೆ. ದೊಡ್ಡ ಚೀಲ ನಾಳೆ ಮತ್ತೆ ಕಡ್ಡಿಗೆ ಏರುತ್ತದೆ.