ಅಲಿನಾ, ಟೈಸನ್ನಾ, ಉಸಿಕ್ಕಾ? ಬಾಕ್ಸಿಂಗ್ ಕೋಚ್‌ಗೆ ಕೇಳಿ

ಪ್ರಶ್ನೆ – ಜೀನ್ಸ್ ಯೂನಿಟ್ ಹುಡುಗ, ಬಳ್ಳಾರಿ

ಕೋಚ್ ಸರ್, ನಮಸ್ಕಾರ. ನಮ್ಮ ಯೂನಿಟ್‌ನಲ್ಲಿ ಮೂರು ದಿನದಿಂದ ಒಂದೇ ಜಗಳ. ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನಲು ಕೂತರೆ ಸಾಕು, ಶುರು. ನಮ್ಮ ಕಟಿಂಗ್ ಮಾಸ್ಟರ್ ಮಹಮ್ಮದ್ ಅಲಿ ಬಿಟ್ಟರೆ ಇನ್ನೊಬ್ಬ ಇಲ್ಲ ಅನ್ನುತ್ತಾರೆ. ನಾನು ಮೈಕ್ ಟೈಸನ್ ಪಾರ್ಟಿ. 1988ರಲ್ಲಿ ಮೈಕಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮಲಗಿಸಿದ ವಿಡಿಯೊ ನೂರು ಸಲ ನೋಡಿದ್ದೇನೆ. ಹೊಸದಾಗಿ ಸೇರಿದ ಹುಡುಗ ಉಕ್ರೇನಿನ ಬಾಕ್ಸರ್ ಉಸಿಕ್, ಉಸಿಕ್ ಅಂತ ತಲೆ ತಿನ್ನುತ್ತಾನೆ. ಹಳಬರು, ಈಗಿನವರು ಎಲ್ಲರನ್ನೂ ಸೇರಿಸಿ ನೋಡಿದರೆ ಹೆವಿವೇಟ್‌ನಲ್ಲಿ, ಅಂದರೆ ಎಲ್ಲಕ್ಕಿಂತ ಹೆಚ್ಚು ತೂಕದವರ ವಿಭಾಗದಲ್ಲಿ, ದೊಡ್ಡವನು ಯಾರು? ನೀವು ಹೇಳಿದ್ದೇ ಕೊನೆ. ಸೋತವರು ಒಂದು ವಾರ ಮಿರ್ಚಿ ಕೊಡಿಸಬೇಕು.

ಉತ್ತರ – ಕೋಚ್

ತಮ್ಮಾ, ನೀವು ಕಳಿಸಿದ ಜೀನ್ಸ್ ಚಿಂದಿಯನ್ನು ನಾವು ಗುದ್ದಿ ಅಭ್ಯಾಸ ಮಾಡುವ ದೊಡ್ಡ ಬ್ಯಾಗ್‌ಗೆ ತುಂಬಿದೆವಲ್ಲ, ಅದರ ಸುದ್ದಿ ಮೊದಲು ಕೇಳು. ದಿನಾ ಏಟು ಬಿದ್ದು ಬಿದ್ದು ಬಟ್ಟೆಯೆಲ್ಲ ಕೆಳಗಿಳಿದಿದೆ. ಈಗ ಬ್ಯಾಗಿನ ಬುಡ ಬಳ್ಳಾರಿ ಗುಡ್ಡದ ಬಂಡೆ, ಮೇಲಿನ ಅರ್ಧ ಹತ್ತಿ ದಿಂಬು. ಹುಡುಗರು ಮೇಲ್ಗಡೆ ಹೊಡೆದು, "ಸರ್, ಹೆಂಗೈತೆ ಪವರ್?" ಅಂತ ತಿರುಗಿ ನೋಡುತ್ತಾರೆ. ನೀನು ಆ 91 ಸೆಕೆಂಡ್ ನೋಡುವುದೂ ಹೀಗೇ. ಸ್ಪಿಂಕ್ಸ್ ಸಾಮಾನ್ಯ ಆಳಲ್ಲ, ಲ್ಯಾರಿ ಹೋಮ್ಸ್‌ನನ್ನು ಸೋಲಿಸಿದವನು. ಆದರೆ ಕಡಿಮೆ ತೂಕದ ಲೈಟ್ ಹೆವಿವೇಟ್‌ ವಿಭಾಗದಿಂದ ಮೇಲೆ ಬಂದವನು. ಅವತ್ತು ಟೈಸನ್‌ಗೆ ಬ್ಯಾಗಿನ ಬುಡ ಸಿಗಲೇ ಇಲ್ಲ.

ನೂರು ಕೆಜಿ ಆಳು ಯಾರೇ ಗುದ್ದಿದರೂ ನೋವಾಗುತ್ತದೆ. ಹಾಗಾಗಿ ಗುದ್ದಿನ ಜೋರಿನಲ್ಲಿ ನಾನು ಯಾರನ್ನೂ ಅಳೆಯುವುದಿಲ್ಲ. ಗುದ್ದು ನಡೆಯದ ದಿನ ಏನು ಮಾಡಿದ? ಆರು ರೌಂಡ್ ಕಳೆದು ದಮ್ ಕಟ್ಟಿದಾಗ ಅವನ ಕಾಲು ಎಲ್ಲಿತ್ತು? ನನ್ನ ತಕ್ಕಡಿ ಇಷ್ಟೇ. ಮಾಸ್ಟರ್‌ಗೆ ಬೇಸರವಾದರೂ ಸರಿ, ನಿನಗೆ ಬೇಸರವಾದರೂ ಸರಿ.

ಈ ತಕ್ಕಡಿಯಲ್ಲಿ ಅಲಿ ಮೇಲೆ ಬರುತ್ತಾನೆ. 1964ರಲ್ಲಿ ಸನ್ನಿ ಲಿಸ್ಟನ್‌ನನ್ನು ಸೋಲಿಸಿದ ಅಲಿ ಬೇರೆ, 1974ರ ಅಲಿ ಬೇರೆ. ಮೊದಲಿನವನು ಕೈ ಕೆಳಗೆ ಬಿಟ್ಟುಕೊಂಡು ರಿಂಗ್ ಸುತ್ತ ತೇಲಾಡುತ್ತಿದ್ದ, ಏಟಿಗೆ ಸಿಗುತ್ತಿರಲಿಲ್ಲ. 1967ರಲ್ಲಿ ಸೈನ್ಯಕ್ಕೆ ಸೇರುವುದಿಲ್ಲ ಅಂದ. ಪಟ್ಟ ಕಿತ್ತುಕೊಂಡರು. ಮೂರೂವರೆ ವರ್ಷ ರಿಂಗ್ ಇಲ್ಲ. ಬಾಕ್ಸರ್‌ಗೆ 25ರಿಂದ 28ರವರೆಗಿನ ವಯಸ್ಸು ಅಂದರೆ ಹೊಲಕ್ಕೆ ಮುಂಗಾರು ಇದ್ದಂತೆ. ಅದೇ ಹೋಯಿತು. ವಾಪಸ್ ಬಂದಾಗ ಆ ಕಾಲು ಇರಲಿಲ್ಲ. 1971ರಲ್ಲಿ ಜೋ ಫ್ರೇಜರ್ 15ನೇ ರೌಂಡಿನಲ್ಲಿ ಎಡಗೈ ಹುಕ್ ಹಾಕಿ ಕೆಡವಿದ. ಎದ್ದ, ಆದರೆ ಪಾಯಿಂಟ್ಸ್‌ನಲ್ಲಿ ಸೋತ. 1973ರಲ್ಲಿ ಕೆನ್ ನಾರ್ಟನ್ ದವಡೆ ಮುರಿದ.

ಆಮೇಲೆ 1974, ಆಫ್ರಿಕಾದ ಕಿನ್ಶಾಸಾ, ಎದುರಿಗೆ ಜಾರ್ಜ್ ಫೋರ್‌ಮನ್. ಇದೇ ಫೋರ್‌ಮನ್ ಹಿಂದಿನ ವರ್ಷ ಫ್ರೇಜರ್‌ನನ್ನು ಎರಡೇ ರೌಂಡಿನಲ್ಲಿ ಆರು ಸಲ ಕೆಡವಿದ್ದ. ಅಲಿ ಮೊದಲ ರೌಂಡಿನಲ್ಲಿ ಓಡಾಡಿ ನೋಡಿದ. ಹೀಗೇ ಓಡಿದರೆ ತಾನೇ ಮೊದಲು ಸುಸ್ತಾಗುತ್ತೇನೆ ಅಂತ ಗೊತ್ತಾಯಿತು. ಹಗ್ಗಕ್ಕೆ ಒರಗಿ ನಿಂತುಬಿಟ್ಟ. ಏಟು ತೋಳಿನ ಮೇಲೆ, ಪಕ್ಕೆಯ ಮೇಲೆ ಬೀಳಲು ಬಿಟ್ಟ. ಎಂಟನೇ ರೌಂಡಿಗೆ ಫೋರ್‌ಮನ್ ಕೈ ಎತ್ತಲಾರದಷ್ಟು ದಣಿದಿದ್ದ. ಅಲಿ ಹಗ್ಗದಿಂದ ಜಾರಿ ಹೊರಬಂದು ಬಲಗೈ ಹಾಕಿದ. ಫೋರ್‌ಮನ್ ಗಿರಕಿ ಹೊಡೆದು ಬೀಳುತ್ತಿದ್ದಾನೆ, ಅಲಿಯ ಇನ್ನೊಂದು ಏಟು ಸಿದ್ಧವಾಗಿದೆ, ಆದರೆ ಹೊಡೆಯಲಿಲ್ಲ. ನೂರು ಸಲ ನೋಡಬೇಕಿದ್ದರೆ ಅದನ್ನು ನೋಡು ತಮ್ಮಾ.

ಟೈಸನ್ ವಿಷಯಕ್ಕೆ ಬರುತ್ತೇನೆ, ಸಿಟ್ಟಾಗಬೇಡ. 1986ರ ನವೆಂಬರ್‌ನಲ್ಲಿ 20 ವರ್ಷದ ಹುಡುಗ ಟ್ರೆವರ್ ಬರ್ಬಿಕ್‌ನನ್ನು ಎರಡನೇ ರೌಂಡಿನಲ್ಲಿ ಹೊಡೆದು ಪಟ್ಟ ಗೆದ್ದ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಹೆವಿವೇಟ್ ಪಟ್ಟ ಇನ್ಯಾರಿಗೂ ಸಿಕ್ಕಿಲ್ಲ. ಎತ್ತರ ಬರೀ 178 ಸೆಂಟಿಮೀಟರ್. ಅಂಥವನು ಉದ್ದ ಕೈಯವರ ಒಳಗೆ ಹೇಗೆ ನುಗ್ಗುತ್ತಿದ್ದ? ನಮ್ಮ ಹಾಲ್‌ನಲ್ಲಿ ಎರಡು ಕಂಬಕ್ಕೆ ಎದೆಯ ಎತ್ತರಕ್ಕೆ ಒಂದು ಹಗ್ಗ ಕಟ್ಟಿದ್ದೇನೆ. ಅದರ ಕೆಳಗೆ ತಲೆ ಆ ಕಡೆ ಈ ಕಡೆ ಹಾಕುತ್ತ ಮುಂದೆ ಹೋಗಬೇಕು. ಸೊಂಟ ಬಗ್ಗಿಸುವ ಹಾಗಿಲ್ಲ, ಮೊಣಕಾಲು ಮಡಿಸಬೇಕು. ಎರಡೇ ನಿಮಿಷಕ್ಕೆ ತೊಡೆ ಉರಿ ಏಳುತ್ತದೆ. ಟೈಸನ್ ಈ ಆಟವನ್ನು ರಿಂಗ್ ಒಳಗೆ ಆಡುತ್ತಿದ್ದ, ಪ್ರತಿ ಸಲ ಏಳುವಾಗ ಒಂದು ಗುದ್ದು ಇಟ್ಟೇ ಏಳುತ್ತಿದ್ದ. ಕಲಿಸಿದ ಗುರು ಕಸ್ ಡಮಾಟೊ 1985ರಲ್ಲೇ ತೀರಿಕೊಂಡರು. ಜೊತೆಗಿದ್ದ ಕೋಚ್ ಕೆವಿನ್ ರೂನಿಯನ್ನು ಟೈಸನ್ 1988ರಲ್ಲಿ ಬಿಟ್ಟ. ಅಲ್ಲಿಂದ ಮೊಣಕಾಲು ಮಡಿಯುವುದು ನಿಂತಿತು. ಕುಳ್ಳಗಿನ ಬಾಕ್ಸರ್ ನೆಟ್ಟಗೆ ನಿಂತರೆ ಬರೀ ಕುಳ್ಳ. 1990ರಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಜಾಬ್ (ಮುಂದಿನ ಕೈಯ ನೇರ ಏಟು) ಹಾಕಿಯೇ ಹಣ್ಣು ಮಾಡಿದ. ಎಂಟನೇ ರೌಂಡಿನಲ್ಲಿ ಟೈಸನ್ ಅವನನ್ನು ಕೆಡವಿದ್ದು ನಿಜ. ಎದ್ದು ಬಂದವನು ಹತ್ತನೇ ರೌಂಡಿನಲ್ಲಿ ಟೈಸನ್‌ನನ್ನೇ ಮಲಗಿಸಿದ. ಮೊದಲ ಏಟುಗಳಿಗೆ ಬಗ್ಗದವನು ಎದುರಾದರೆ ಎರಡನೇ ಉಪಾಯ ಟೈಸನ್ ಹತ್ತಿರ ಇರಲಿಲ್ಲ. ಎರಡು ವರ್ಷದ ಲೆಕ್ಕ ಕೇಳಿದರೆ ಟೈಸನ್, ಒಪ್ಪುತ್ತೇನೆ.

ಇನ್ನು ಹೊಸ ಹುಡುಗನ ಉಸಿಕ್. ಆ ಹುಡುಗನಿಗೆ ಕಣ್ಣಿದೆ. ಉಸಿಕ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು. ಮೊದಲು ಹೆವಿವೇಟ್‌ಗಿಂತ ಕೆಳಗಿನ ಕ್ರೂಸರ್‌ವೇಟ್‌ನಲ್ಲಿ ನಾಲ್ಕು ಸಂಸ್ಥೆಗಳ ಪಟ್ಟದ ಬೆಲ್ಟ್‌ಗಳನ್ನೂ ಒಟ್ಟು ಮಾಡಿದ, ಆಮೇಲೆ ದೊಡ್ಡವರ ಕಡೆ ಬಂದ. 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಟೈಸನ್ ಫ್ಯೂರಿ (ಇವನು ಬೇರೆ ಟೈಸನ್) ಎದುರು. ಫ್ಯೂರಿ ಎತ್ತರ 206 ಸೆಂಟಿಮೀಟರ್, ಉಸಿಕ್ 191. ತೂಕದಲ್ಲಿ ಸುಮಾರು 17 ಕೆಜಿ ವ್ಯತ್ಯಾಸ. ಉಸಿಕ್ ಎಡಗೈ ಬಾಕ್ಸರ್, ಬಲಗಾಲು ಮುಂದೆ. ಎದುರಿನವನ ಎಡಗಾಲು ಮುಂದೆ. ಈ ಎರಡು ಕಾಲಿನಲ್ಲಿ ಯಾವುದು ಹೊರಗಡೆ ಬೀಳುತ್ತದೋ ಅವನಿಗೆ ದಾರಿ ಸಿಗುತ್ತದೆ. ಉಸಿಕ್ ಹನ್ನೆರಡು ರೌಂಡೂ ಆ ಒಂದು ಗೇಣು ಜಾಗಕ್ಕೆ ಜಗಳವಾಡಿದ. ಮಧ್ಯದಲ್ಲಿ ಫ್ಯೂರಿಯ ಅಪ್ಪರ್‌ಕಟ್ ಚೆನ್ನಾಗಿಯೇ ತಿಂದ. ಒಂಬತ್ತನೇ ರೌಂಡಿನಲ್ಲಿ ಫ್ಯೂರಿ ಮೂಲೆಯಿಂದ ಮೂಲೆಗೆ ತೂರಾಡಿದ. ಹಗ್ಗ ಹಿಡಿದು ನಿಲ್ಲಿಸದಿದ್ದರೆ ಬೀಳುತ್ತಿದ್ದ, ರೆಫರಿ ಕೌಂಟ್ ಕೊಟ್ಟ. ಮೂವರು ಜಡ್ಜ್‌ಗಳಲ್ಲಿ ಇಬ್ಬರು ಉಸಿಕ್ ಕಡೆ. ಹೆವಿವೇಟ್‌ನ ಎಲ್ಲ ಬೆಲ್ಟ್ ಒಬ್ಬನ ಕೈಗೆ ಬಂದದ್ದು 1999ರ ಲೆನಾಕ್ಸ್ ಲೂಯಿಸ್ ನಂತರ ಅದೇ ಮೊದಲು. ಡಿಸೆಂಬರ್‌ನಲ್ಲಿ ಮತ್ತೆ ಆಡಿಸಿದರು. ಈ ಸಲ ಮೂವರೂ ಉಸಿಕ್‌ಗೆ 116–112 ಕೊಟ್ಟರು.

ನನ್ನ ತೀರ್ಪು: ದೊಡ್ಡವನು ಅಲಿ. ನನ್ನ ಹುಡುಗರಿಗೆ ಮೊಬೈಲ್‌ನಲ್ಲಿ ತೋರಿಸುವುದು ಉಸಿಕ್. ಅಲಿಯನ್ನು ತೋರಿಸಿದರೆ ಮರುದಿನವೇ ಎಲ್ಲರೂ ಗಾರ್ಡ್ ಇಳಿಸಿ ಕುಣಿಯುತ್ತಾರೆ, ಮೂಗು ಒಡೆಸಿಕೊಳ್ಳುತ್ತಾರೆ. ಮಿರ್ಚಿ ನೀನೇ ಕೊಡಿಸು.

ಮರುಪ್ರಶ್ನೆ – ಕಟಿಂಗ್ ಮಾಸ್ಟರ್

ಗೆದ್ದೆ! ಆದರೂ ಒಂದು ಅನುಮಾನ ಸರ್. ರಾಕಿ ಮಾರ್ಸಿಯಾನೊ 49ಕ್ಕೆ 49 ಗೆದ್ದವನು. ಒಂದೂ ಸೋಲದವನು ಐದು ಸಲ ಸೋತ ಅಲಿಗಿಂತ ದೊಡ್ಡವನಲ್ವಾ?

ಉತ್ತರ – ಕೋಚ್

ಮಾಸ್ಟ್ರೇ, ಗೆದ್ದ ಮೇಲೆ ಸುಮ್ನೆ ಇರಬೇಕಿತ್ತು.

ಮಾರ್ಸಿಯಾನೊ ತೂಕ ಸುಮಾರು 84 ಕೆಜಿ. ಈಗ ಹೆವಿವೇಟ್ ಶುರುವಾಗುವುದೇ 90.7 ಕೆಜಿ ಮೇಲೆ. ಅವನ ತಪ್ಪಲ್ಲ, ಆಗ ಕ್ರೂಸರ್‌ವೇಟ್ ಅಂತ ಬೇರೆ ವಿಭಾಗವೇ ಇರಲಿಲ್ಲ. ಅವನು ಹೊಡೆದಾಗ ಜೋ ಲೂಯಿಸ್‌ಗೆ 37, ಜೆರ್ಸಿ ಜೋ ವಾಲ್ಕಾಟ್‌ಗೆ 38. ಅಂದರೆ ದೊಡ್ಡ ಹೆಸರಿನವರು ಅವನ ಕೈಗೆ ಸಿಕ್ಕಿದ್ದು ಇಳಿವಯಸ್ಸಿನಲ್ಲಿ. ಆದರೆ ನನ್ನ ತಕ್ಕಡಿಯಲ್ಲಿ ಅವನಿಗೂ ಜಾಗ ಇದೆ. 1952ರಲ್ಲಿ ವಾಲ್ಕಾಟ್ ಮೊದಲ ರೌಂಡಿನಲ್ಲೇ ಕೆಡವಿದ. ಹನ್ನೆರಡು ರೌಂಡ್ ಮುಗಿದಾಗಲೂ ಮಾರ್ಸಿಯಾನೊ ಪಾಯಿಂಟ್ಸ್‌ನಲ್ಲಿ ಹಿಂದಿದ್ದ. ಹದಿಮೂರನೇ ರೌಂಡಿನಲ್ಲಿ ಒಂದೇ ಬಲಗೈ. ವಾಲ್ಕಾಟ್‌ನ ಒಂದು ಕೈ ಹಗ್ಗಕ್ಕೆ ಸಿಕ್ಕಿಕೊಂಡು ಹಾಗೇ ಕುಸಿದ.

ಸೋಲಿನ ಲೆಕ್ಕ ಹಾಕುವುದಾದರೆ ನನಗೆ ಲೆನಾಕ್ಸ್ ಲೂಯಿಸ್ ಇಷ್ಟ. ಎರಡೇ ಸೋಲು, ಎರಡೂ ನಾಕೌಟ್. ಆ ಇಬ್ಬರನ್ನೂ ಮತ್ತೆ ಕರೆದು ಸೋಲಿಸಿದ. ಜೋ ಲೂಯಿಸ್ ಕೂಡ ಹಾಗೇ: 1936ರಲ್ಲಿ ಮ್ಯಾಕ್ಸ್ ಶ್ಮೆಲಿಂಗ್ ಹತ್ತಿರ ಸೋತು, 1938ರಲ್ಲಿ ಅವನನ್ನೇ ಮೊದಲ ರೌಂಡಿನಲ್ಲಿ ಮುಗಿಸಿದ. 1937ರಿಂದ 1949ರವರೆಗೆ ಪಟ್ಟ ಅವನದೇ, 25 ಸಲ ಉಳಿಸಿಕೊಂಡ. ಆ ಲೆಕ್ಕವನ್ನು ಹೆವಿವೇಟ್‌ನಲ್ಲಿ ಇವತ್ತಿಗೂ ಯಾರೂ ದಾಟಿಲ್ಲ.

ಮರುಪ್ರಶ್ನೆ – ಕೌಲ್ ಬಜಾರ್‌ನಿಂದ, ನಿವೃತ್ತ ಮೇಷ್ಟ್ರು

ನಮ್ಮ ದೇಶದವರ ಹೆಸರೇ ಇಲ್ಲವಲ್ಲ ಕೋಚ್? ಭಾರತದಲ್ಲಿ ಹೆವಿವೇಟ್ ಯಾರೂ ಇರಲಿಲ್ಲವೇ?

ಉತ್ತರ – ಕೋಚ್

ಇದ್ದರು ಮೇಷ್ಟ್ರೇ. ಪಟ್ಟದ ಲೆಕ್ಕದಲ್ಲಿ ಬರುವುದಿಲ್ಲ, ಅವರು ಅಮೆಚೂರ್ ಬಾಕ್ಸರ್‌ಗಳು, ದುಡ್ಡಿನ ವೃತ್ತಿ ಪಂದ್ಯ ಆಡಿದವರಲ್ಲ. ಹರಿಯಾಣದ ಹವಾ ಸಿಂಗ್ 1966 ಮತ್ತು 1970, ಎರಡು ಏಷ್ಯನ್ ಗೇಮ್ಸ್‌ನಲ್ಲೂ ಹೆವಿವೇಟ್ ಚಿನ್ನ ಗೆದ್ದರು. ಪಂಜಾಬಿನ ಕೌರ್ ಸಿಂಗ್ 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. ಅದಕ್ಕೂ ಮುಂಚೆ, 1980ರಲ್ಲಿ ಅಲಿ ಭಾರತಕ್ಕೆ ಬಂದಾಗ, ಇದೇ ಕೌರ್ ಸಿಂಗ್ ದೆಹಲಿಯಲ್ಲಿ ಅಲಿ ಜೊತೆ ಪ್ರದರ್ಶನ ಪಂದ್ಯ ಆಡಿದರು. ಹವಾ ಸಿಂಗ್, ಕೌರ್ ಸಿಂಗ್ ಇಬ್ಬರೂ ಸೈನ್ಯದಲ್ಲಿದ್ದವರು. ಅಲಿ ಬೇಡ ಅಂದಿದ್ದು ಅದೇ ಕೆಲಸ ನೋಡಿ.

ಮರುಪ್ರಶ್ನೆ – ಗಾಂಧಿನಗರ

ಬ್ರೂಸ್ ಲೀ ಇದ್ದಿದ್ದರೆ ಅಲಿಯನ್ನು ಹೊಡೆಯುತ್ತಿದ್ದನಾ?

ಉತ್ತರ – ಕೋಚ್

ಇಲ್ಲ. ಅಲಿ ಕಿನ್ಶಾಸಾದಲ್ಲಿ 98 ಕೆಜಿ. ಮುಂದಿನ ಪ್ರಶ್ನೆ.

ಮರುಪ್ರಶ್ನೆ – ಸಿರುಗುಪ್ಪದಿಂದ, ಒಬ್ಬ ತಾಯಿ

ಸರ್, ನನ್ನ ಮಗನಿಗೆ 16 ವರ್ಷ, 84 ಕೆಜಿ ಇದ್ದಾನೆ. ಇದನ್ನೆಲ್ಲ ನೋಡಿ ಬಾಕ್ಸಿಂಗ್ ಸೇರುತ್ತೇನೆ ಅಂತ ಹಟ. ಅಲಿಗೆ ಕೊನೆಗೆ ಕೈ ನಡುಕ ಬಂತಲ್ಲ, ಅದು ಏಟಿನಿಂದಲೇ ಅಂತ ಕೇಳಿದ್ದೇನೆ. ಕಳಿಸಲೋ ಬೇಡವೋ?

ಉತ್ತರ – ಕೋಚ್

ಅಕ್ಕಾ, ಇದಕ್ಕೆ ತಮಾಷೆಯ ಉತ್ತರ ಕೊಡುವುದಿಲ್ಲ. ಅಲಿಗೆ ಪಾರ್ಕಿನ್ಸನ್ ಅಂತ ವೈದ್ಯರು ಹೇಳಿದ್ದು 1984ರಲ್ಲಿ, ಆಗ ಅವನಿಗೆ 42. ಏಟು ತಿಂದದ್ದೂ ಒಂದು ಕಾರಣ ಅಂತ ಬಹಳ ಜನ ನಂಬುತ್ತಾರೆ. ನಾನೂ ನಂಬುತ್ತೇನೆ. 1975ರಲ್ಲಿ ಮನಿಲಾದಲ್ಲಿ ಫ್ರೇಜರ್ ಜೊತೆ 14 ರೌಂಡ್ ಆಡಿದ ಮೇಲೆ ನಿಲ್ಲಿಸಬೇಕಿತ್ತು. ಅವತ್ತು ಫ್ರೇಜರ್‌ನ ಕೋಚ್ ಎಡ್ಡಿ ಫಚ್ ತನ್ನ ಹುಡುಗನ ಕಣ್ಣು ಮುಚ್ಚಿಹೋಗಿದ್ದು ನೋಡಿ, ಕೊನೆಯ ರೌಂಡಿಗೆ ಎದ್ದೇಳಲು ಬಿಡಲಿಲ್ಲ. ಗೆದ್ದ ಅಲಿಗೆ ಹಾಗೆ ತಡೆಯುವವರು ಸಿಗಲಿಲ್ಲ, 1981ರವರೆಗೆ ಆಡಿದ. ಆಗ ಪಟ್ಟದ ಪಂದ್ಯ 15 ರೌಂಡ್. 1982ರಲ್ಲಿ ಕೊರಿಯಾದ ಕಿಮ್ ಡುಕ್-ಕೂ ಎಂಬ ಲೈಟ್‌ವೇಟ್ ಬಾಕ್ಸರ್ ಪಂದ್ಯದ ಏಟಿನಿಂದ ತೀರಿಕೊಂಡ ಮೇಲೆ ಅದು ಮೆಲ್ಲಗೆ 12ಕ್ಕೆ ಇಳಿಯಿತು.

ನಿಮ್ಮ ಮಗ ಆಡುವುದು ಅಮೆಚೂರ್ ಬಾಕ್ಸಿಂಗ್. ಮೂರೇ ರೌಂಡ್. ಆ ವಯಸ್ಸಿಗೆ ಹೆಡ್‌ಗಾರ್ಡ್ ಇರುತ್ತದೆ. ಆದರೆ ಹೆಡ್‌ಗಾರ್ಡ್ ಚರ್ಮ ಒಡೆಯದಂತೆ ಕಾಯುತ್ತದೆ, ಒಳಗಿನ ಮಿದುಳು ಅಲುಗುವುದನ್ನು ನಿಲ್ಲಿಸುವುದಿಲ್ಲ. ಏಟು ಜಾಸ್ತಿ ಬೀಳುವುದು ಪಂದ್ಯದಲ್ಲೂ ಅಲ್ಲ, ದಿನದ ಸ್ಪಾರಿಂಗ್‌ನಲ್ಲಿ, ಅಂದರೆ ಅಭ್ಯಾಸಕ್ಕೆ ಒಬ್ಬರಿಗೊಬ್ಬರು ಗುದ್ದಾಡುವಾಗ. ಎಲ್ಲಿ ಸೇರಿಸಿದರೂ ಮೊದಲು ಕೋಚ್‌ಗೆ ಎರಡು ಮಾತು ಕೇಳಿ. ವಾರಕ್ಕೆ ಎಷ್ಟು ದಿನ ಜೋರು ಸ್ಪಾರಿಂಗ್? ತಲೆಗೆ ಏಟು ಬಿದ್ದು ಮಂಕಾದರೆ ಏನು ಮಾಡುತ್ತೀರಿ? "ನೀರು ಕುಡಿಸಿ ಮತ್ತೆ ಹತ್ತಿಸುತ್ತೇವೆ" ಅಂದರೆ ಅಲ್ಲಿಂದಲೇ ಬಸ್ ಹತ್ತಿ ವಾಪಸ್ ಬನ್ನಿ. ನನ್ನ ಹಾಲ್‌ನಲ್ಲಿ ಹೊಸಬರಿಗೆ ಮೊದಲ ಆರು ತಿಂಗಳು ಸ್ಪಾರಿಂಗ್ ಇಲ್ಲ. ಏಟಿಗೆ ಮಲಗಿದವನಿಗೆ ಕಡಿಮೆ ಅಂದರೂ ಒಂದು ತಿಂಗಳು ರಿಂಗ್ ಇಲ್ಲ, ಡಾಕ್ಟರ್ ಚೀಟಿ ಇಲ್ಲದೆ ಆಮೇಲೂ ಇಲ್ಲ. ನಾನು ಆಡುವ ಕಾಲದಲ್ಲಿ ಒಂದು ಜಿಲ್ಲಾ ಪಂದ್ಯದಲ್ಲಿ ಕಣ್ಣು ಮಂಜಾದರೂ ನನ್ನನ್ನು ಮತ್ತೆ ರಿಂಗ್‌ಗೆ ತಳ್ಳಿದ್ದರು. ಆ ದಿನ ಮನೆಗೆ ಹೇಗೆ ಬಂದೆ ಅಂತ ಇವತ್ತಿಗೂ ನೆನಪಿಲ್ಲ.

ಹುಡುಗ ನಿಜವಾಗಿ ಚುರುಕಾಗಿದ್ದರೆ ದೂರ ಹೋಗಬೇಕಿಲ್ಲ. ತೋರಣಗಲ್ಲು ಹತ್ತಿರ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಬಾಕ್ಸಿಂಗ್ ಇದೆ. ಆಯ್ಕೆ ಕಷ್ಟ, ಕೇಳಿ ನೋಡಿ. ಅಲ್ಲಿಯವರೆಗೆ ಬೆಳಿಗ್ಗೆ ಎದ್ದು ಹಗ್ಗದಾಟ ಆಡಲಿ. ಒಂದು ತಿಂಗಳು ತಪ್ಪದೆ ಆಡಿದರೆ ಹಟ ನಿಜ ಅಂತ ಲೆಕ್ಕ.

ಮರುಪ್ರಶ್ನೆ – ಜೀನ್ಸ್ ಯೂನಿಟ್ ಹುಡುಗ

ಸರ್, ಮಿರ್ಚಿ ಕೊಡಿಸಿದೆ, 140 ರೂಪಾಯಿ ಹೋಯಿತು. ಆದರೂ ಟೈಸನ್ ಟೈಸನ್ನೇ. ಆ ಹಗ್ಗದ ಆಟ ಎರಡು ನಿಮಿಷ ಅಂದಿರಲ್ಲ, ನಾನು ಐದು ನಿಮಿಷ ಮಾಡಿ ತೋರಿಸುತ್ತೇನೆ. ಯಾವಾಗ ಬರಲಿ?

ಉತ್ತರ – ಕೋಚ್

ನಾಳೆ ಬೆಳಿಗ್ಗೆ ಐದೂವರೆಗೆ. ಏಳರ ಮೇಲೆ ತಗಡಿನ ಕೆಳಗೆ ನಿಲ್ಲೋಕೆ ಆಗಲ್ಲ. ಬರುವಾಗ ಯೂನಿಟ್‌ನಿಂದ ಒಂದು ದಬ್ಬಣ, ಗಟ್ಟಿ ದಾರ ತಾ. ಬ್ಯಾಗ್ ಬಿಚ್ಚಿ ಚಿಂದಿ ಮೇಲಿಂದ ಕೆಳಗೆ ಸರಿ ಮಾಡಿ ಹೊಲಿಯಬೇಕು. ಅದು ನಿನ್ನ ಕೆಲಸ, ಹಗ್ಗ ಆಮೇಲೆ.