"ಹೊಡೆದಿಲ್ಲವಲ್ಲ" ಅನ್ನುತ್ತಾರೆ, ಹುಡುಗಿ ಮಂಕಾಗಿದ್ದಾಳೆ. ಏನು ಮಾಡಲಿ?

ಕೇಳಿದವರು, ಸಾಗರ:
ಅಕ್ಕನ ಮಗಳು ಎಸ್ಸೆಸ್ಸೆಲ್ಸಿ. ಅವರ ಊರಿಗೆ ಬಸ್ಸು ಸರಿ ಇಲ್ಲ ಅಂತ ಅವಳ ಚಿಕ್ಕಪ್ಪನ ಮನೆಯಲ್ಲಿದ್ದು ಓದುತ್ತಿದ್ದಾಳೆ. ಅಲ್ಲಿ ದಿನವೂ "ಕೂಳಿಗೆ ದಂಡ, ಭೂಮಿಗೆ ಭಾರ" ಅನ್ನೋ ಮಾತು. ಕೇಳಿದರೆ "ಹೊಡೆದಿದ್ದೀವಾ? ಬುದ್ಧಿ ಹೇಳೋದೂ ತಪ್ಪಾ?" ಅನ್ನುತ್ತಾರೆ. ನಾನು ಸೋದರಮಾವ. ಅನುಭವ ಇದ್ದವರು ತಿಳಿಸಿ.

ತೀರ್ಥಹಳ್ಳಿಯಿಂದ:
ನಮ್ಮ ಪಕ್ಕದ ಮನೆಯಲ್ಲಿ ಇಂಥದ್ದೇ ನೋಡಿದ್ದೇನೆ. ಸುಗ್ಗಿಯಲ್ಲಿ ರಾತ್ರಿ ಅಡಿಕೆ ಸುಲಿಯಲು ಹತ್ತಾರು ಜನ ಸೇರುತ್ತಿದ್ದರು. ಹುಡುಗ ಮೆಟ್ಟುಗತ್ತಿ ಮುಂದೆ ಕೂತ ಕೂಡಲೇ ಅಪ್ಪ ಶುರು ಮಾಡುತ್ತಿದ್ದರು: "ಇವನಿಗೆ ಇದೊಂದೇ ಗತಿ, ತಲೇಲಿ ಏನೂ ಇಲ್ಲ." ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ಬರಬರುತ್ತಾ ಯಾರು ಏನು ಹೇಳಿದರೂ ಮೊದಲು "ತಪ್ಪಾಯ್ತು" ಅನ್ನತೊಡಗಿದ. ನೀರು ಕೊಡು ಅಂದರೂ "ತಪ್ಪಾಯ್ತು".

ಬೈಯದ ಮನೆ ಎಲ್ಲಿದೆ? ಆದರೆ ಲೆಕ್ಕ ತಪ್ಪು ಮಾಡಿದ್ದಕ್ಕೆ ಬೈದರೆ ಅದು ಅಲ್ಲಿಗೆ ಮುಗಿಯುತ್ತದೆ. ನೀನು ಹುಟ್ಟಿದ್ದೇ ತಪ್ಪು ಅಂತ ದಿನಾ ಕೇಳಿಸಿಕೊಂಡ ಮಗು ಅದನ್ನೇ ನಂಬುತ್ತದೆ. ವಾರಗಟ್ಟಲೆ ಮಾತು ಬಿಡುವುದು, ಗೆಳತಿಯರ ಜೊತೆ ಸೇರಲು ಬಿಡದಿರುವುದು, ಮನೆಯಿಂದ ಹೊರಗೆ ಹಾಕ್ತೀನಿ ಅಂತ ಹೆದರಿಸುವುದು, ಇವೆಲ್ಲ ಹಿಂಸೆಯೇ. ಮೈಮೇಲೆ ಗಾಯ ಕಾಣಿಸುವುದಿಲ್ಲ, ಅಷ್ಟೇ.

ಸೋದರಮಾವ ಬಂದು ಕರೆದುಕೊಂಡು ಹೋದರೆ ನಮ್ಮ ಕಡೆ ಯಾರೂ ಬೇಡ ಅನ್ನಲ್ಲ. ಆ ಸಲಿಗೆ ಬಳಸಿಕೊಳ್ಳಿ. ಭಾನುವಾರ ನಿಮ್ಮ ಮನೆಗೆ ಕರೆಸಿ. ಸುಮ್ನೆ ಪ್ರಶ್ನೆ ಕೇಳುತ್ತಾ ಕೂರಬೇಡಿ, ಅವಳೇ ಮಾತಾಡಲಿ.

ಶಿವಮೊಗ್ಗದಿಂದ:
ಮಕ್ಕಳ ಸಹಾಯವಾಣಿ 1098. ಉಚಿತ, ದಿನದ 24 ಗಂಟೆಯೂ ಇರುತ್ತದೆ. ನೀವೂ ಮಾಡಬಹುದು, ಅವಳೂ ಮಾಡಬಹುದು. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, 18 ತುಂಬದ ಮಗುವಿಗೆ ನೋಡಿಕೊಳ್ಳುವವರೇ ಹಿಂಸೆ ಕೊಟ್ಟರೆ 3 ವರ್ಷದವರೆಗೆ ಜೈಲು ಆಗಬಹುದು. ಅದರಲ್ಲಿ ಮನಸ್ಸಿನ ನೋವೂ ಸೇರಿದೆ. ಹೊಡೆದಿಲ್ಲ ಅನ್ನುವವರಿಗೆ ಇದು ಗೊತ್ತಿರಲಿ. ಹಾಗಂತ ಮೊದಲೇ ಕೇಸು ಹಾಕಬೇಕು ಅಂತಲ್ಲ, ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಯವರ ಹತ್ತಿರ ಮಾತಾಡಬಹುದು. ಅವಳಿಗೆ ಮನಸ್ಸು ಬಿಚ್ಚಿ ಮಾತಾಡಬೇಕು ಅನಿಸಿದರೆ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಮಾತು ಅವಳ ಬಾಯಿಗೆ ಬಂದರೆ ಸ್ವಲ್ಪವೂ ತಡ ಮಾಡಬೇಡಿ. ಅವಳನ್ನು ಒಂಟಿಯಾಗಿ ಬಿಡದೆ ಅವತ್ತೇ ಇಲ್ಲಿನ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹೊಸನಗರದಿಂದ:
ನಾನೂ ಹೀಗೇ ಬೆಳೆದವಳು. "ನಿನ್ನ ಒಳ್ಳೇದಕ್ಕೇ ಹೇಳ್ತಾರೆ" ಅಂತ ದಯವಿಟ್ಟು ಅನ್ನಬೇಡಿ. ನಮ್ಮ ಅತ್ತೆ ಒಬ್ಬರು "ಅವರು ಹೇಳಿದ್ದು ಸುಳ್ಳು ಕಣೇ" ಅಂದಿದ್ದರು. ಅದನ್ನು ಹಿಡಿದುಕೊಂಡೇ ಪಿಯುಸಿ ಮುಗಿಸಿದೆ. ಆ ಮನೆಯಲ್ಲಿ ನಿಂತು ಜಗಳ ತೆಗೆಯಬೇಡಿ, ನೀವು ಹೊರಟ ಮೇಲೆ ಎಲ್ಲಾ ಅವಳ ಮೇಲೇ ಬೀಳುತ್ತದೆ. ಮೊದಲು ನಿಮ್ಮ ಅಕ್ಕ, ಭಾವನ ಹತ್ತಿರ ಕೂತು ಮಾತಾಡಿ. ನಿಮ್ಮ ಮನೆಯಿಂದಲೇ ಶಾಲೆಗೆ ಹೋಗಬಹುದಾ, ಇಲ್ಲ ಹಾಸ್ಟೆಲ್ ಸಿಗುತ್ತದಾ, ಈ ವಾರವೇ ವಿಚಾರಿಸಿ. ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ.