ತುರ್ತು: ‘ಎಕ್ಸಿಸ್ಟೆನ್ಶಿಯಲ್ ರಿಸ್ಕ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಶನಿವಾರ ಮಂಡ್ಯದ ಕಾಲೇಜೊಂದರಲ್ಲಿ ಎಐ, ಜೀನ್ ಎಡಿಟಿಂಗ್ ತರದ ಹೊಸ ತಂತ್ರಜ್ಞಾನಗಳು ಮನುಷ್ಯರಿಗೆ ಏನು ತಂದಾವು ಅಂತ ಮಾತುಕತೆ ಇದೆ. ಫ್ಲೆಕ್ಸ್ ಇವತ್ತು ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು. ಡಿಸೈನ್ ಹುಡುಗ ‘ಎಕ್ಸಿಸ್ಟೆನ್ಶಿಯಲ್ ರಿಸ್ಕ್’ಗೆ ‘ಅಸ್ತಿತ್ವವಾದದ ಅಪಾಯ’ ಅಂತ ಹಾಕಿಬಿಟ್ಟಿದ್ದಾನೆ. ಓದಿದರೆ ಅಸ್ತಿತ್ವವಾದದ ತತ್ವಜ್ಞಾನಿ ಸಾರ್ತ್ರನಿಂದಲೇ ನಮಗೆ ಅಪಾಯ ಅನ್ನೋ ಹಾಗಿದೆ.

‘ಅಳಿವಿನ ಅಪಾಯ’ ಅನ್ನೋಣ ಅಂದ್ರೆ ಅರ್ಧ ಅರ್ಥ ಬಿಟ್ಟುಹೋಗುತ್ತದೆ. ತತ್ವಜ್ಞಾನಿ ನಿಕ್ ಬಾಸ್ಟ್ರಮ್ 2002ರಲ್ಲಿ ಈ ಮಾತನ್ನು ವಿವರಿಸಿದಾಗ ಮನುಕುಲ ಪೂರ್ತಿ ಅಳಿಯುವುದನ್ನಷ್ಟೇ ಹೇಳಲಿಲ್ಲ. ಉಳಿದೂ ಮತ್ತೆಂದೂ ಮೇಲೇಳಲಾಗದಂತೆ ಕುಸಿಯುವುದೂ ಅದರಲ್ಲಿದೆ. ಪದ ಕೊಡಿ.

ಮರು 1, ಮೈಸೂರು

‘ಅಸ್ತಿತ್ವ’ ಬೇಡ. ‘ಅಪಾಯ’ವೂ ಬೇಡ. ಎರಡೂ ಸಂಸ್ಕೃತ. ನಮ್ಮದೇ ‘ಕುತ್ತು’ ಇರುವಾಗ ಪಕ್ಕದ ಮನೆ ಬಾಗಿಲು ಯಾಕೆ ತಟ್ಟಬೇಕು? ಪ್ರಾಣಕ್ಕೆ ಕುತ್ತು ಅಂತ ದಿನಾ ಹೇಳ್ತೀವಲ್ಲ. ಹಳಗನ್ನಡದಲ್ಲಿ ‘ಕುತ್ತ’ ಅಂದರೆ ಬೇನೆ. ಅಪಾಯ ಕೈಕಾಲಿಗೂ ಆಗುತ್ತದೆ, ಕುತ್ತು ಬರುವುದು ಜೀವಕ್ಕೇ. ‘ಉಳಿವಿಗೆ ಕುತ್ತು’ ಅಂತ ಹಾಕಿ, ಮುಗಿಸಿ.

ಮರು 2, ಮಂಡ್ಯ

ಮುಗಿಯಲಿಲ್ಲ. ‘ಪ್ರಾಣ’, ‘ದಿನ’, ‘ಜೀವ’ ಯಾವ ಮನೆಯವು ಸ್ವಾಮಿ?

ಅದಿರಲಿ. ಕುತ್ತು ಬಂತು ಅಂದರೆ ಬಂದಾಯ್ತು. ರಿಸ್ಕ್ ಬರಬಹುದು, ಬರದೆಯೂ ಇರಬಹುದು. 2023ರ ಮೇನಲ್ಲಿ ಎಐ ವಿಜ್ಞಾನಿ ಜೆಫ್ರಿ ಹಿಂಟನ್ ಮೊದಲಾದವರು ಸಹಿ ಹಾಕಿದ ಹೇಳಿಕೆಯೂ ಎಐನಿಂದ ಮನುಕುಲ ಅಳಿಯುವ ರಿಸ್ಕನ್ನು ತಗ್ಗಿಸಿ ಅನ್ನುತ್ತದೆ, ಸಾಂಕ್ರಾಮಿಕ ರೋಗ, ಅಣುಯುದ್ಧಗಳ ಸಾಲಿನಲ್ಲಿಟ್ಟು. ನಮ್ಮೂರಲ್ಲಿ ‘ನಾಲೆ ನೀರು ನಂಬ್ಕೊಂಡು ಭತ್ತ ಹಾಕೋದು ರಿಸ್ಕು ಕಣಣ್ಣ’ ಅಂತಾರೆ. ‘ಕುತ್ತು ಕಣಣ್ಣ’ ಅಂದವರನ್ನ ನಾನು ಕಂಡಿಲ್ಲ. ಕೊನೆಗೊಂದು ಉಕಾರ ಹತ್ತಿದ ಮೇಲೆ ಅದು ಕನ್ನಡವೇ.

ಮರು 3, ಮೈಸೂರು

ಉಕಾರ ಹತ್ತಿದ್ದೆಲ್ಲ ಕನ್ನಡವಾದರೆ ನಿಘಂಟು ಯಾಕೆ, ಒಂದು ಕೊಂಬು ಸಾಕು. ಸುಮ್ನೆ ರೈತರನ್ನ ಎಳೆದು ತರಬೇಡಿ.

ಮರು 4, ಶ್ರೀರಂಗಪಟ್ಟಣ

ಇಬ್ಬರೂ ‘ಗಂಡಾಂತರ’ ಮರೆತಿರಿ. ಜಾತಕ ನೋಡಿ ‘ಹನ್ನೆರಡಕ್ಕೊಂದು ಗಂಡಾಂತರ ಇದೆ’ ಅಂದರೆ ಮಗು ಸತ್ತಿತು ಅಂತಲ್ಲ. ಶಾಂತಿ ಮಾಡಿಸಿ, ನೀರಿನ ಹತ್ತಿರ ಬಿಡಬೇಡಿ ಅಂತ. ಮುಂದಿರುವುದು, ದೊಡ್ಡದು, ಹುಷಾರಾಗಿದ್ದರೆ ತಪ್ಪುವಂಥದ್ದು. ಇಂಗ್ಲಿಷಿನ ‘ರಿಸ್ಕ್’ಗಿಂತ ಜಾಸ್ತಿ ಹೇಳುತ್ತದೆ. ಜೊತೆಗೆ ‘ಅಳಿವು-ಉಳಿವಿನ’ ಸೇರಿಸಿ, ಬಾಸ್ಟ್ರಮ್‌ನ ಎರಡನೇ ಅರ್ಥಕ್ಕೂ ಸ್ವಲ್ಪ ಜಾಗ ಸಿಗುತ್ತದೆ.

ಮರು 5, ಮೈಸೂರು

ಅದೂ ಸಂಸ್ಕೃತ.

ಮರು 6, ಕೇಳಿದವರಿಂದ

ಅಂಗಡಿ ಮುಚ್ಚುವ ಹೊತ್ತಾಗಿತ್ತು. ‘ಮನುಕುಲಕ್ಕೆ ಗಂಡಾಂತರ?’ ಅಂತ ಹಾಕಿಸಿದೆ. ‘ಅಳಿವು-ಉಳಿವಿನ’ ಆರಡಿ ಫ್ಲೆಕ್ಸಿನಲ್ಲಿ ಹಿಡಿಯಲಿಲ್ಲ. ಪ್ರಶ್ನೆಚಿಹ್ನೆ ಡಿಸೈನ್ ಹುಡುಗನದು. ನೀವು ಮುಂದುವರಿಸಿ.